ನೂರು ಚಿತ್ರ ಸೇರಿ ಒಂದು ನೀಹಾರಿಕೆ

ಪುಟಾಣಿಗಳೇ, ಈ ಡಿಸೆಂಬರ್ ರಾತ್ರಿ ಎಂಟು ಗಂಟೆಗೆ ಪೂರ್ವಕ್ಕೆ ಮುಖ ಮಾಡಿ ನಿಲ್ಲಿ. ಒಂದರ ಮೇಲೊಂದರಂತೆ ಮೂರು ನಕ್ಷತ್ರಗಳ ಸಾಲು ಕಾಣುತ್ತದೆ. ಅದು ಮಹಾವ್ಯಾಧನ ನಡುಪಟ್ಟಿ. ಅದರ ಬಲಕ್ಕೆ ಮಂಕು ಚುಕ್ಕಿಗಳ ಇನ್ನೊಂದು ಪುಟ್ಟ ಸಾಲಿದೆ. ಅದು ಅವನ ಕತ್ತಿ. ಕತ್ತಿಯ ನಡುವಿನ ಚುಕ್ಕಿ ಮಾತ್ರ ಹೊಗೆ ಕವಿದಂತೆ ಮಸುಕು. ಅಲ್ಲಿರುವುದು ಒಂಟಿ ನಕ್ಷತ್ರವಲ್ಲ, ಹೊಸ ನಕ್ಷತ್ರಗಳು ಹುಟ್ಟುತ್ತಿರುವ ಅನಿಲ, ದೂಳಿನ ದೊಡ್ಡ ಮೋಡ. ಅದನ್ನು ಮಹಾವ್ಯಾಧ ನೀಹಾರಿಕೆ ಎನ್ನುತ್ತಾರೆ. ದೂರ ಸುಮಾರು 1,350 ಜ್ಯೋತಿರ್ವರ್ಷ. ಇಂದು ನಮ್ಮ ಕಣ್ಣಿಗೆ ಬೀಳುವ ಬೆಳಕು ಅಲ್ಲಿಂದ ಹೊರಟಾಗ ಬಾದಾಮಿಯಲ್ಲಿ ಚಾಲುಕ್ಯರು ಆಳುತ್ತಿದ್ದರು!

ಅಜ್ಜ-ಅಜ್ಜಿಯರಿಗೆ ಈ ಜಾಗದ ಹೆಸರು ಹೊಸದೇನಲ್ಲ. ಮೃಗಶಿರ ಮಳೆ, ಆರಿದ್ರಾ ಮಳೆ ಎನ್ನುತ್ತೀರಲ್ಲ, ಆ ನಕ್ಷತ್ರಗಳು ಇರುವುದು ಇಲ್ಲೇ. ಜೂನಿನಲ್ಲಿ ಆ ಮಳೆಗಳು ಬರುವಾಗ ಸೂರ್ಯ ಅದೇ ದಿಕ್ಕಿನಲ್ಲಿರುವುದರಿಂದ ಅವು ಕಾಣುವುದಿಲ್ಲ. ಆರು ತಿಂಗಳು ಕಳೆದರೆ ರಾತ್ರಿಯಿಡೀ ಕಾಣುತ್ತವೆ.

ಎಷ್ಟೋ ಮನೆಗಳಲ್ಲಿ ಮಗು ಹಟ ಹಿಡಿದು ಟೆಲಿಸ್ಕೋಪ್ ತರಿಸಿಕೊಳ್ಳುತ್ತದೆ. ಪುಸ್ತಕದಲ್ಲಿ ಕೆಂಪು, ನೇರಳೆ ಬಣ್ಣದಲ್ಲಿದ್ದ ನೀಹಾರಿಕೆ ಅದರೊಳಗೆ ಬೂದಿಯ ಬಣ್ಣದ ಮೋಡದಂತೆ ಕಾಣುತ್ತದೆ. ಮಗುವಿನ ಮುಖ ಸಪ್ಪಗಾಗುತ್ತದೆ, ಟೆಲಿಸ್ಕೋಪ್ ಅಟ್ಟ ಸೇರುತ್ತದೆ. ತಪ್ಪು ಟೆಲಿಸ್ಕೋಪಿನದಲ್ಲ, ಮಗುವಿನದೂ ಅಲ್ಲ. ನಮ್ಮ ಕಣ್ಣು ಮಂದ ಬೆಳಕಿನಲ್ಲಿ ಬಣ್ಣ ಗುರುತಿಸುವುದಿಲ್ಲ. ಬೆಳಕನ್ನು ಕೂಡಿಡುವುದೂ ಇಲ್ಲ. ಒಂದು ಸೆಕೆಂಡ್ ಕಳೆಯುವ ಮೊದಲೇ ಹಳೆಯದನ್ನು ಚೆಲ್ಲಿ ಹೊಸದನ್ನು ನೋಡುತ್ತದೆ. ಕ್ಯಾಮೆರಾ ಹಾಗಲ್ಲ. ತೊಟ್ಟಿಕ್ಕುವ ನಲ್ಲಿಯ ಕೆಳಗೆ ಕೊಡ ಇಟ್ಟರೆ ಬೆಳಗಾಗುವಷ್ಟರಲ್ಲಿ ತುಂಬುತ್ತದಲ್ಲವೇ? ಕ್ಯಾಮೆರಾ ಬೆಳಕನ್ನು ಹಾಗೆ ತುಂಬಿಕೊಳ್ಳುತ್ತದೆ.

ಇದನ್ನು ಮೊದಲು ಮಾಡಿ ತೋರಿಸಿದವರು ಅಮೆರಿಕದ ವೈದ್ಯ ಹೆನ್ರಿ ಡ್ರೇಪರ್. 1880ರ ಸೆಪ್ಟೆಂಬರ್ 30ರ ರಾತ್ರಿ ಅವರು ಇದೇ ನೀಹಾರಿಕೆಯತ್ತ 51 ನಿಮಿಷ ಕ್ಯಾಮೆರಾ ತೆರೆದಿಟ್ಟರು. ನೀಹಾರಿಕೆಯೊಂದರ ಮೊದಲ ಫೋಟೊ ಅದು. 1883ರಲ್ಲಿ ಲಂಡನ್ನಿನ ಈಲಿಂಗ್‌ನಲ್ಲಿ ಆಂಡ್ರೂ ಏನ್ಸ್‌ಲಿ ಕಾಮನ್ ಎಂಬ ಎಂಜಿನಿಯರ್ ತಮ್ಮ ಮನೆಯ ಹಿತ್ತಲಿನಿಂದಲೇ ಇನ್ನೂ ಸ್ಪಷ್ಟವಾದ ಚಿತ್ರ ತೆಗೆದರು. ಟೆಲಿಸ್ಕೋಪಿನಲ್ಲೂ ಕಣ್ಣಿಗೆ ಕಾಣದ ನಕ್ಷತ್ರಗಳು ಆ ಚಿತ್ರದಲ್ಲಿದ್ದವು.

ಇಲ್ಲೊಂದು ತೊಡಕಿದೆ. ಭೂಮಿ ತಿರುಗುವುದರಿಂದ ಆಕಾಶ ನಾಲ್ಕು ನಿಮಿಷಕ್ಕೆ ಒಂದು ಡಿಗ್ರಿ ಸರಿಯುತ್ತದೆ. ಎರಡೇ ನಿಮಿಷದಲ್ಲಿ ಹುಣ್ಣಿಮೆ ಚಂದ್ರನ ಅಗಲದಷ್ಟು! ಕ್ಯಾಮೆರಾ ಅಲುಗದೆ ನಿಂತಿದ್ದರೆ ಚುಕ್ಕಿಗಳು ಗೆರೆಗಳಾಗುತ್ತವೆ. ಅದಕ್ಕೇ ಒಂದು ಉದ್ದ ಚಿತ್ರದ ಬದಲು ನೂರು ಚಿಕ್ಕ ಚಿತ್ರ ತೆಗೆದು ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಜೋಡಿಸುತ್ತಾರೆ. ಗಲಾಟೆ ಮಾಡುತ್ತಿರುವ ತರಗತಿಯಲ್ಲಿ ಒಬ್ಬಳು ಒಂದೇ ಮಾತನ್ನು ನೂರು ಸಲ ಹೇಳಿದಳೆನ್ನಿ. ಗಲಾಟೆ ಪ್ರತಿ ಸಲವೂ ಬೇರೆ, ಅವಳ ಮಾತು ಮಾತ್ರ ಅದೇ. ಕೊನೆಗೆ ಮಾತು ಕಿವಿಗೆ ಬಿದ್ದೇ ಬೀಳುತ್ತದೆ. ನೂರು ಚಿತ್ರಗಳ ಸರಾಸರಿ ತೆಗೆದರೆ ಚಿತ್ರದಲ್ಲಿನ ಕಾಳುಕಾಳು ಗಲಾಟೆ ಹತ್ತನೇ ಒಂದು ಭಾಗಕ್ಕೆ ಇಳಿಯುತ್ತದೆ.

ಮೊದಲ ಚಿತ್ರಕ್ಕೆ ಟೆಲಿಸ್ಕೋಪ್ ಬೇಕಿಲ್ಲ. ಮನೆಯಲ್ಲಿ ಲೆನ್ಸ್ ಬದಲಿಸಬಹುದಾದ ಕ್ಯಾಮೆರಾ ಇದ್ದರೆ 50 ಎಂಎಂ ಲೆನ್ಸ್ ಹಾಕಿ ಟ್ರೈಪಾಡಿನ ಮೇಲಿಡಿ. ಹೊಳೆಯುವ ನಕ್ಷತ್ರವೊಂದನ್ನು ಪರದೆಯ ಮೇಲೆ ದೊಡ್ಡದು ಮಾಡಿ, ಅದು ಅತಿ ಚಿಕ್ಕ ಚುಕ್ಕಿಯಾಗುವವರೆಗೆ ಫೋಕಸ್ ತಿರುಗಿಸಿ. ಐಎಸ್ಒ 1600, ಸಮಯ 5 ಸೆಕೆಂಡ್. ಬೆರಳು ತಾಗಿ ಅಲುಗದಂತೆ ಟೈಮರ್ ಬಳಸಿ ನೂರು ಚಿತ್ರ ತೆಗೆಯಿರಿ. ನಡುನಡುವೆ ನೀಹಾರಿಕೆ ಚೌಕಟ್ಟಿನಿಂದ ಜಾರದಂತೆ ನೋಡಿಕೊಳ್ಳಿ. ಕೊನೆಗೆ ಲೆನ್ಸಿಗೆ ಮುಚ್ಚಳ ಹಾಕಿ ಅಷ್ಟೇ ಸಮಯದ ಇಪ್ಪತ್ತು ಕಪ್ಪು ಚಿತ್ರ ತೆಗೆಯಿರಿ. ಕ್ಯಾಮೆರಾದ್ದೇ ಆದ ಕಲೆಗಳನ್ನು ಕಳೆಯಲು ಅವು ಬೇಕು. ಜೋಡಿಸುವ ಕೆಲಸಕ್ಕೆ ಡೀಪ್‌ಸ್ಕೈಸ್ಟ್ಯಾಕರ್, ಸಿರಿಲ್ ಎಂಬ ಉಚಿತ ತಂತ್ರಾಂಶಗಳಿವೆ. ಕತ್ತಿಯ ನಡುವೆ ಗುಲಾಬಿ ಬಣ್ಣದ ಪುಟ್ಟ ಮೋಡ ಮೂಡಿದರೆ ನೀವು ಗೆದ್ದಿರಿ.

ಮುಂದೆ ಟೆಲಿಸ್ಕೋಪಿಗೆ ಕ್ಯಾಮೆರಾ ಜೋಡಿಸುವ ಆಸೆ ಇದ್ದರೆ ಹಿರಿಯರು ಒಂದು ಮಾತು ನೆನಪಿಡಬೇಕು: ಕೊಳವೆಗಿಂತ ಅದನ್ನು ಹೊತ್ತ ಕಾಲು ಮುಖ್ಯ. ಟೆಲಿಸ್ಕೋಪ್ ಆಕಾಶವನ್ನು ಹಿಗ್ಗಿಸಿದಂತೆ ಅದರ ಓಟವನ್ನೂ ಹಿಗ್ಗಿಸುತ್ತದೆ. ಒಂದು ಸೆಕೆಂಡಿಗೇ ಚುಕ್ಕಿ ಗೆರೆಯಾಗುತ್ತದೆ. ಆದ್ದರಿಂದ ಆಕಾಶದ ಜೊತೆಗೇ ತಿರುಗುವ, ಮೋಟರ್ ಇರುವ ಈಕ್ವಟೋರಿಯಲ್ ಮೌಂಟ್ ಬೇಕು. ಅದರ ಅಚ್ಚು ಧ್ರುವ ನಕ್ಷತ್ರದತ್ತ ಇರಬೇಕು. ಉತ್ತರಕ್ಕೆ ನಿಂತು ಕೈ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ಬೆಂಗಳೂರಿನಲ್ಲಿ ಧ್ರುವ ಇರುವುದು 13 ಡಿಗ್ರಿ ಎತ್ತರದಲ್ಲಿ, ಅಂದರೆ ಒಂದು ಮುಷ್ಟಿಗಿಂತ ತುಸು ಮೇಲೆ. ಬೀದರಿನಲ್ಲಿ ಹೆಚ್ಚುಕಡಿಮೆ ಎರಡು ಮುಷ್ಟಿ. ಹಾಂ, ಹಗಲಲ್ಲಿ ಟೆಲಿಸ್ಕೋಪನ್ನಾಗಲಿ ಕ್ಯಾಮೆರಾವನ್ನಾಗಲಿ ಸೂರ್ಯನತ್ತ ತಿರುಗಿಸಲೇಬಾರದು. ಕಣ್ಣು ಹೋದೀತು.

ಈ ಕೆಲಸದಲ್ಲಿ ದುಡ್ಡು ಕೊಟ್ಟರೂ ಸಿಗದ ಎರಡು ಸಾಮಾನು ಅಜ್ಜ-ಅಜ್ಜಿಯರ ಬಳಿ ಇವೆ. ಒಂದು, ಊರಿನ ಕತ್ತಲೆ. ಪೇಟೆಯ ದೀಪಗಳು ಆಕಾಶವನ್ನೇ ಬೆಳಗಿಸಿ ನೀಹಾರಿಕೆಯನ್ನು ನುಂಗಿಹಾಕುತ್ತವೆ. ಹಳ್ಳಿಮನೆಯ ಹಿತ್ತಲಿನಲ್ಲಿ ಬಲ್ಬು ಆರಿಸಿದರೆ ಸಾಕು. ಇನ್ನೊಂದು, ಆತುರವಿಲ್ಲದೆ ಕಾಯುವ ಗುಣ. ನೂರರ ಲೆಕ್ಕ ಇಡಲು, ಇಬ್ಬನಿ ಲೆನ್ಸಿನ ಮೇಲೆ ಕೂತಿತೇ ಎಂದು ನೋಡಲು ಅವರೇ ಸರಿ.

ಪಂಚಾಂಗ ತೆಗೆದು ಈ ಸಲದ ಅಮಾವಾಸ್ಯೆ ಎಂದು ಎಂಬುದನ್ನು ಅಜ್ಜಿಯನ್ನೇ ಕೇಳಿ. ಅದರ ಹಿಂದುಮುಂದಿನ ನಾಲ್ಕೈದು ರಾತ್ರಿ ಚಂದ್ರನ ಕಾಟ ಇರುವುದಿಲ್ಲ. ಸ್ವೆಟರ್ ಮರೆಯಬೇಡಿ, ಅಜ್ಜನಿಗೊಂದು ಕುರ್ಚಿಯನ್ನೂ ಹಾಕಿ.