ಮಗ್ಗದ ಮೀಟರು ಬೇರೆ, ಮನೆಯ ಮೀಟರು ಬೇರೆ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂದು ಹಿರಿಯರು ಹೇಳಿದರು. ಇದ್ದ ಮನೆಯನ್ನು ಒಡೆದು ಸರಿಮಾಡಿಸಿ ನೋಡು ಎಂಬುದನ್ನು ಅವರು ಸೇರಿಸಲಿಲ್ಲ. ಸೇರಿಸಿದ್ದರೆ ಅದೇ ಮೊದಲು ಬರುತ್ತಿತ್ತೋ ಏನೋ! ಹೊಸ ಮನೆಗೆ ನಕ್ಷೆ ಇರುತ್ತದೆ, ಅಂದಾಜು ಪಟ್ಟಿ ಇರುತ್ತದೆ. ಹಳೆಯ ಮನೆಯಲ್ಲಿ ಗೋಡೆ ಒಡೆದ ಮೇಲೆಯೇ ಒಳಗಿನ ಪೈಪು ತುಕ್ಕು ಹಿಡಿದದ್ದು ಗೊತ್ತಾಗುತ್ತದೆ. ಆಗ ಕೆಲಸ ನಿಲ್ಲಿಸುವಂತಿಲ್ಲ, ಮುಂದುವರಿಸಲು ಕೈಯಲ್ಲಿ ಹಣವಿಲ್ಲ.

ನಮ್ಮ ಮನೆಯಲ್ಲಿ ಆದದ್ದನ್ನೇ ಹೇಳುತ್ತೇನೆ. ತಂದೆಯವರ ಕಾಲದ ಮನೆ. ನೆಲಕ್ಕೆ ಗ್ರಾನೈಟ್ ಹಾಕಿಸಿ, ಬಣ್ಣ ಬಳಿಸೋಣ ಎಂದು ಹೊರಟೆವು. 3 ಲಕ್ಷ ಎಂದುಕೊಂಡದ್ದು 5 ಲಕ್ಷ ದಾಟಿತು. ಹೆಚ್ಚಿನ ಹಣ ಎಲ್ಲಿಂದ ಬಂತು? ಅಂಗಡಿಯ ಗಲ್ಲಾದಿಂದ. ಇಂದು 10 ಸಾವಿರ, ನಾಳೆ 15 ಸಾವಿರ, ತೆಗೆದದ್ದು ಲೆಕ್ಕಕ್ಕೇ ಬರಲಿಲ್ಲ. ದೀಪಾವಳಿಗೆ ಮಾಲು ತರಲು ಹೊರಟಾಗ ಬಂಡವಾಳ ಕರಗಿಹೋಗಿತ್ತು. ಉದರಿ ತಂದು, ಹೆಚ್ಚು ದರ ಕೊಟ್ಟು, ಆ ವರ್ಷದ ಲಾಭವನ್ನೆಲ್ಲ ಬಡ್ಡಿಗೆ ಕಟ್ಟಿದೆ. ಮರುವರ್ಷದ ಮಳೆಗಾಲದಲ್ಲಿ ತಾರಸಿ ಸೋರಿತು. ಹೊಸ ಗ್ರಾನೈಟಿನ ಮೇಲೆ ಹಳೆಯ ಪಾತ್ರೆಗಳನ್ನಿಟ್ಟು ನೀರು ಹಿಡಿದೆವು. “ನೆಲಕ್ಕೆ ಹಾಕಿದ್ದನ್ನ ತಲೆ ಮೇಲೆ ಹಾಕಿದ್ದರೆ ಆಗ್ತಿತ್ತಲ್ಲ” ಎಂದು ನನ್ನ ಶ್ರೀಮತಿ ಅಂದದ್ದು ಇವತ್ತಿಗೂ ಕಿವಿಯಲ್ಲಿದೆ.

ಈ ತಪ್ಪು ಎಲ್ಲಿ ಆಯಿತೆಂಬುದು ನನಗೆ ತಿಳಿದದ್ದು ಸೋಮನೂರಿನಲ್ಲಿ. ಬಟ್ಟೆ ವ್ಯಾಪಾರದವರಿಗೆ ಈ ಊರು ಹೊಸದಲ್ಲ. ತಿರುಪ್ಪೂರಿನಿಂದ ಕೊಯಮತ್ತೂರಿಗೆ ಹೋಗುವ ರೈಲುದಾರಿಯಲ್ಲಿದೆ. ಸುತ್ತಮುತ್ತಲ ಊರುಗಳಲ್ಲೆಲ್ಲ ವಿದ್ಯುತ್ ಮಗ್ಗಗಳ ಸದ್ದು. ನೇಯುವವರಲ್ಲಿ ಕನ್ನಡ ಮನೆಮಾತಿನ ದೇವಾಂಗದವರೂ ಇದ್ದಾರೆ. ಹೊರಗೆ ತಮಿಳು, ಒಳಗೆ ಕನ್ನಡ. ಅಂಥ ಒಂದು ಪರಿಚಯದ ಮನೆಗೆ ಹೋಗಿದ್ದೆ. ಮನೆಗೆ ಹೊಂದಿಕೊಂಡೇ ಮಗ್ಗದ ಶೆಡ್ಡು. ಜಗಲಿಯ ಗೋಡೆಯ ಮೇಲೆ 2 ವಿದ್ಯುತ್ ಮೀಟರು. ಮಗ್ಗಗಳಿಗೆ ಸರ್ಕಾರದ ದರವೇ ಬೇರೆ. 2 ತಿಂಗಳಿಗೆ 750 ಯೂನಿಟ್ ಇದ್ದ ಉಚಿತ ವಿದ್ಯುತ್ತನ್ನು ತಮಿಳುನಾಡು ಸರ್ಕಾರ 2023ರಲ್ಲಿ 1000 ಯೂನಿಟ್ಟಿಗೆ ಏರಿಸಿತು. ಆದ್ದರಿಂದ ಮಗ್ಗದ ತಂತಿಯಿಂದ ಮನೆಗೆ ದೀಪ ಎಳೆಯುವಂತಿಲ್ಲ.

ಮನೆಯ ಯಜಮಾನರು ಆ ಮೀಟರುಗಳನ್ನೇ ತೋರಿಸಿ ಹೇಳಿದರು: “ನೋಡಿ ಅಣ್ಣಾ, ನಮ್ಮ ದುಡ್ಡೂ ಹಿಂಗೇ. ಮಗ್ಗದ್ದು ಬೇರೆ, ಮನೇದು ಬೇರೆ. ಎರಡನ್ನೂ ಒಂದೇ ಗಂಟಲ್ಲಿ ಕಟ್ಟಿದರೆ ಯಾವುದು ಖಾಲಿ ಆಯ್ತು ಅಂತ ಗೊತ್ತಾಗೋದು ಕಡೇಗೇ.”

ಅವರು ಮನೆ ರಿಪೇರಿಗೆ ಕೈಹಾಕಿದ್ದು 2021ರ ಕೊನೆಯಲ್ಲಿ. ವರ್ಷಗಟ್ಟಲೆ ಕೂಡಿಟ್ಟ ಹಣವನ್ನು ಬೇರೆ ಬ್ಯಾಂಕ್ ಖಾತೆಯಲ್ಲಿಟ್ಟಿದ್ದರು. ಮೊದಲು ಹಿಡಿದದ್ದು ತಾರಸಿಯನ್ನು. ಅದಕ್ಕೆ ಕಾರಣವಿತ್ತು. 2017ರ ಸೆಪ್ಟೆಂಬರ್ 7ರಂದು ಸೋಮನೂರಿನ ಬಸ್ ನಿಲ್ದಾಣದ ಕಾಂಕ್ರೀಟ್ ಸೂರು ಮಳೆಯ ನಡುವೆ ಕುಸಿದು 5 ಜನ ತೀರಿಕೊಂಡರು. ಬಸ್ಸಿಗಾಗಿ ಕಾದು ನಿಂತಿದ್ದವರು! ಆ ದಿನವನ್ನು ಕಂಡ ಊರಿನವರಿಗೆ ಸೂರು ಮೊದಲು ಎಂದು ಬೇರೆ ಹೇಳಬೇಕಿಲ್ಲ.

ತಾರಸಿ ಕೆಲಸ ನಡೆದಿರುವಾಗಲೇ, 2022ರ ಜನವರಿಯಲ್ಲಿ, ಕೂಲಿ ಹೆಚ್ಚಳಕ್ಕಾಗಿ ಕೊಯಮತ್ತೂರು, ತಿರುಪ್ಪೂರು ಜಿಲ್ಲೆಗಳ ಮಗ್ಗದವರು ಮುಷ್ಕರ ಹೂಡಿದರು. ವಾರಗಟ್ಟಲೆ ಮಗ್ಗಗಳು ನಿಂತವು. ಇವರ ಮನೆಗೂ ಬರುವ ಕೂಲಿ ನಿಂತಿತು. ಆದರೂ ತಾರಸಿ ಮುಗಿಯಿತು, ವೈರಿಂಗ್ ಮುಗಿಯಿತು. ಮಗ್ಗಕ್ಕೆಂದು ಇಟ್ಟ ಹಣದಲ್ಲಿ ಮುಷ್ಕರದ ದಿನಗಳನ್ನು ದಾಟಿದರು. ನೆಲ, ಬಣ್ಣ ಮುಂದಿನ ವರ್ಷಕ್ಕೆ ಹೋಯಿತು. ಸಾಲ ಮಾತ್ರ ಆಗಲಿಲ್ಲ.

ಇದನ್ನು ನಮ್ಮ ಅಂಗಡಿ ಮನೆತನಗಳಿಗೆ ಹೊಂದಿಸಿ ನೋಡೋಣ. ಮನೆ ಕೆಲಸಕ್ಕೆ 6 ಲಕ್ಷ ಇದೆಯೆಂದು ತಿಳಿಯಿರಿ. ಮೇಸ್ತ್ರಿಗೆ 6 ಲಕ್ಷ ಎಂದು ಹೇಳಬೇಡಿ. 1 ಲಕ್ಷವನ್ನು ಮೊದಲೇ ತೆಗೆದಿಡಿ. ಗೋಡೆಯ ಒಳಗಿನಿಂದ ಹೊರಬರುವ ಖರ್ಚಿಗೆ ಅದು ಬೇಕೇ ಬೇಕು. ಉಳಿದ 5 ಲಕ್ಷದಲ್ಲಿ ತಾರಸಿ, ಪೈಪು, ವೈರಿಂಗಿಗೆ ಸುಮಾರು ಎರಡೂವರೆ ಲಕ್ಷ, ಅಡುಗೆಮನೆ ಮತ್ತು ಬಚ್ಚಲಿಗೆ ಒಂದೂವರೆ ಲಕ್ಷ, ನೆಲ-ಬಣ್ಣಕ್ಕೆ ಉಳಿದ 1 ಲಕ್ಷ. ಮನೆಯ ಸ್ಥಿತಿ ನೋಡಿ ಅಂಕಿ ಹಿಂದೆಮುಂದೆ ಆಗಬಹುದು. ಆದರೆ ಕಣ್ಣಿಗೆ ಕಾಣದ ಕೆಲಸ ಮೊದಲು, ಕಾಣುವ ಕೆಲಸ ಆಮೇಲೆ ಎಂಬ ಕ್ರಮ ತಪ್ಪಬಾರದು. ಹಣ ಸಾಲದಿದ್ದರೆ ಬಣ್ಣ ಕಾಯಬಹುದು, ಸೂರು ಕಾಯುವುದಿಲ್ಲ. ಕಾಂಕ್ರೀಟಿನೊಳಗಿನ ಸರಳಿಗೆ ನೀರು ತಗುಲಿದರೆ ತುಕ್ಕು ಹಿಡಿದು ಉಬ್ಬುತ್ತದೆ, ಸುತ್ತಲಿನ ಕಾಂಕ್ರೀಟನ್ನು ಸೀಳುತ್ತದೆ. ಸೂರಿನಿಂದ ಚಕ್ಕೆ ಉದುರಿ ಸರಳು ಕಂಡರೆ ಮೇಲೆ ಗಾರೆ ಮೆತ್ತಿಸಿ ಸುಮ್ಮನಾಗದೆ ಇಂಜಿನಿಯರಿಗೆ ತೋರಿಸಿ. ಆ ಶುಲ್ಕ ದಂಡವಲ್ಲ.

ಅಂದಾಜು ಪಟ್ಟಿಯನ್ನು ಅಳತೆ ಸಮೇತ ಬರೆಸಿ. 10 ಅಡಿಗೆ 12 ಅಡಿಯ ಕೋಣೆ ಎಂದರೆ ನೆಲ 120 ಚದರಡಿ. ಬಣ್ಣದ ಲೆಕ್ಕ ಅದಲ್ಲ. ಸುತ್ತಳತೆ 44 ಅಡಿ, ಎತ್ತರ 10 ಅಡಿ. ಗೋಡೆಯೇ 440 ಚದರಡಿ. ಮೇಲಿನ ಸೂರು ಸೇರಿದರೆ 560. ಬಾಗಿಲು ಕಿಟಕಿಗಳನ್ನು ಕಳೆಯಿರಿ. ಇದು ತಿಳಿಯದೆ “ಸಣ್ಣ ಕೋಣೆ, ಎಷ್ಟಾದೀತು” ಎಂದವರೇ ಹೆಚ್ಚು. ಟೈಲ್ಸನ್ನು ಒಡಕು, ಕೊಯ್ತಕ್ಕೆಂದು ನೂರಕ್ಕೆ 10ರಷ್ಟು ಹೆಚ್ಚು ತರಬೇಕು. ಆಮೇಲೆ ಅದೇ ಬಣ್ಣ ಸಿಗುವ ಭರವಸೆ ಇಲ್ಲ. ಸಿಮೆಂಟಿನ ಜಿ.ಎಸ್.ಟಿ. 2025ರ ಸೆಪ್ಟೆಂಬರ್ 22ರಿಂದ ಶೇ. 28ರಿಂದ 18ಕ್ಕೆ ಇಳಿದಿದೆ. ಅದಕ್ಕೆ ಮುಂಚೆ ಬರೆಸಿದ ಪಟ್ಟಿ ಇದ್ದರೆ ದರ ಮತ್ತೆ ಕೇಳಿ.

ಮೇಸ್ತ್ರಿಗೆ ಮುಂಗಡ ಕಡಿಮೆ ಇರಲಿ, ಮುಗಿದ ಕೆಲಸಕ್ಕೆ ತಕ್ಕಂತೆ ಕಂತು ಕೊಡಿ. ತಾರಸಿಯ ಕೊನೆಯ ಕಂತನ್ನು 2 ದಿನ ನೀರು ಕಟ್ಟಿ ನಿಲ್ಲಿಸಿ, ಕೆಳಗೆ ತೇವ ಬರಲಿಲ್ಲವೆಂದು ನೋಡಿಯೇ ಕೊಡಿ. ಹಣವನ್ನು ಚೆಕ್ಕಿನಲ್ಲೇ ಕೊಡುವುದು ಲೇಸು. 2017ರಿಂದ, ಒಂದು ವ್ಯವಹಾರಕ್ಕೆ 2 ಲಕ್ಷ ಅಥವಾ ಹೆಚ್ಚನ್ನು ನಗದಾಗಿ ಪಡೆಯುವುದು ಆದಾಯ ತೆರಿಗೆ ಕಾಯ್ದೆಗೆ ವಿರುದ್ಧ. ಬಿಲ್ಲುಗಳನ್ನು ಜೋಪಾನವಾಗಿಡಿ. ಮನೆಯನ್ನು ಎಂದಾದರೂ ಮಾರಿದರೆ, ಹೊಸದಾಗಿ ಕಟ್ಟಿಸಿದ ಕೋಣೆಯಂಥ ಸುಧಾರಣೆಯ ಖರ್ಚನ್ನು ಲಾಭದಿಂದ ಕಳೆಯಬಹುದು. ಬಣ್ಣ ಬಳಿಸಿದ್ದನ್ನು ಕಳೆಯಲು ಬರುವುದಿಲ್ಲ. ಸ್ವಂತ ವಾಸದ ಮನೆಯ ರಿಪೇರಿಗೆ ಸಾಲ ತೆಗೆದವರಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂ.ವರೆಗಿನ ಬಡ್ಡಿಗೆ ರಿಯಾಯಿತಿ ಉಂಟು. ಹೊಸ ಪದ್ಧತಿಯಲ್ಲಿ ಇಲ್ಲ.

ಕಾಲವನ್ನೂ ನೋಡಬೇಕು. ಸೋಮನೂರಿನ ಕಡೆ ಹೆಚ್ಚಿನ ಮಳೆ ಅಕ್ಟೋಬರ್, ನವೆಂಬರಿನಲ್ಲಿ. ನಮ್ಮ ಕರ್ನಾಟಕದ ಬಹುಪಾಲು ಊರುಗಳಲ್ಲಿ ಜೂನಿನಿಂದ. ಚಾತುರ್ಮಾಸದಲ್ಲಿ ನೆಲ ಅಗೆಯದಿರುವ ಕುಟುಂಬಗಳು ಹೇಗೂ ಬೇಸಿಗೆಯಲ್ಲೇ ಕೆಲಸ ಮುಗಿಸುತ್ತವೆ. ವ್ಯಾಪಾರದ ಸೀಜನ್ ಯಾವಾಗ ಎಂಬುದನ್ನೂ ಜೊತೆಗೆ ನೋಡಿ. ಮಾಲು ಕೊಳ್ಳುವ ತಿಂಗಳಲ್ಲಿ ಮೇಸ್ತ್ರಿಯನ್ನು ಕರೆಯಬೇಡಿ.

ಪರಿಗ್ರಹ ಪರಿಮಾಣ ವ್ರತದಲ್ಲಿ ಹೊಲಕ್ಕೂ ಮನೆಗೂ ಮಿತಿ ಇಟ್ಟುಕೊಳ್ಳುವುದನ್ನು ಬಲ್ಲ ನಮಗೆ ಮನೆ ಖರ್ಚಿಗೆ ಮಿತಿ ಇಡುವುದು ಕಷ್ಟವಾಗಬಾರದು. ಮಿತಿಯನ್ನು ಗೋಡೆ ಒಡೆಯುವ ಮುಂಚೆ ಬರೆದಿಡಬೇಕು, ಅಷ್ಟೇ. ಬರೆಯುವಾಗ ಮನೆಯ ಹೆಂಗಸರು ಎದುರಿಗಿರಲಿ. ಅಡುಗೆಕಟ್ಟೆ ಎಷ್ಟು ಎತ್ತರವಿರಬೇಕೆಂಬುದು ಅಲ್ಲಿ ನಿಂತು ದುಡಿಯುವವರಿಗೇ ಗೊತ್ತು.

ಈ ಬಾರಿ ನಮ್ಮ ಮನೆಯಲ್ಲಿ ಬಚ್ಚಲು ಸರಿಮಾಡಿಸಬೇಕಾಗಿದೆ. ಬ್ಯಾಂಕಿನಲ್ಲಿ ಬೇರೆ ಖಾತೆ ತೆರೆದಿದ್ದೇವೆ, ಪಾಸ್‌ಬುಕ್ಕು ಶ್ರೀಮತಿಯವರ ಬಳಿ ಇದೆ. ಗಲ್ಲಾದ ಕೀಲಿ ನನ್ನ ಬಳಿ. ಅದರಲ್ಲಿ ಮೊತ್ತ ತುಂಬಿದ ದಿನ ಮೇಸ್ತ್ರಿಯನ್ನು ಕರೆಯುತ್ತೇವೆ. ಅಲ್ಲಿಯವರೆಗೆ ಹಳೆಯ ನಲ್ಲಿಯೇ ಸಾಕು.