ಡೆಂಟ್ ಬಿದ್ದಿದ್ದು ಕಾರಿಗೋ, ನಮ್ಮ ಮಾನಕ್ಕೋ?

ನೇರವಾಗಿ ವಿಷಯಕ್ಕೆ ಬರ್ತೀನಿ. ಹಳೇ ಕಾರಿನ ಮೈಮೇಲಿನ ಗೀರು, ತಗ್ಗುಗಳನ್ನು ಸರಿ ಮಾಡಿಸೋಕೆ ನಾವು ಸುರಿಯೋ ದುಡ್ಡಲ್ಲಿ ಬಹುಪಾಲು ಕಾರಿಗೋಸ್ಕರ ಅಲ್ಲ, ಪಕ್ಕದ ಮನೆಯವರ ಕಣ್ಣಿಗೋಸ್ಕರ. ಹೀಗಂತ ಹೇಳಿದ್ದಕ್ಕೆ ನಮ್ಮ ಮನೆಯಲ್ಲಿ ಎರಡು ವಾರ ನನ್ನ ಜೊತೆ ಯಾರೂ ಸರಿಯಾಗಿ ಮಾತಾಡಲಿಲ್ಲ. ಆದರೂ ಅಭಿಪ್ರಾಯ ಬದಲಾಗಿಲ್ಲ :-)

ಹಿನ್ನೆಲೆ ಇಷ್ಟೇ. ಕುಂದಾಪುರದ ಹತ್ತಿರ ಇರೋ ನನ್ನ ತಮ್ಮ ಒಂದು 2013ರ ವ್ಯಾಗನ್ ಆರ್ ನೋಡಿದ. ಒಬ್ಬರೇ ಓಡಿಸಿದ್ದು, ಸರ್ವಿಸ್ ದಾಖಲೆ ಇದೆ, ಇಂಜಿನ್ ಚೆನ್ನಾಗಿದೆ. ಆದರೆ ಎಡಗಡೆ ಮೈ ಪೂರ್ತಿ ಗೇಟಿನ ಕಂಬಕ್ಕೆ ಉಜ್ಜಿಸಿಕೊಂಡಿದೆ. ಎರಡು ಬಾಗಿಲು, ಹಿಂದಿನ ಚಕ್ರದ ಮೇಲಿನ ತಗಡು, ಬಂಪರ್, ಎಲ್ಲದರ ಮೇಲೂ ಗೀರು. ಕೇಳಿದ್ದು 2,10,000 ರೂ. ಅದೇ ವರ್ಷದ, ಅದೇ ಮಾದರಿಯ, ಮೈ ನೆಟ್ಟಗಿರೋ ಇನ್ನೊಂದು ಕಾರಿಗೆ ಅದೇ ಊರಲ್ಲಿ 2,40,000 ಹೇಳ್ತಿದ್ರು. ಗ್ಯಾರೇಜಿನವರು ಡೆಂಟಿಂಗ್-ಪೇಂಟಿಂಗಿಗೆ 34,000 ರೂ. ಅಂದಾಜು ಕೊಟ್ಟರು. ತಮ್ಮನ ಹತ್ತಿರ ಕಾರಿನ ಬೆಲೆ ಬಿಟ್ಟು ಇದ್ದಿದ್ದೂ ಹೆಚ್ಚೂಕಮ್ಮಿ ಅಷ್ಟೇ.

ಅಮ್ಮ ಕಾರು ನೋಡಿದವರೇ "ಇದನ್ ತಕಂಡ್ ಮದಿಮನೆಗೆ ಹ್ಯಾಂಗ್ ಹೋಪ್ದ್ ಮಾರಾಯಾ?" ಅಂದರು. ಭಾವ, "ಮೊದಲು ಪೇಂಟ್ ಹೊಡೆಸು, ಆಮೇಲೆ ಉಳಿದದ್ದು" ಅಂತ ತೀರ್ಪು ಕೊಟ್ಟರು. ನಾನು ಬೇಡ ಅಂದೆ. ಯಾಕೆ ಬೇಡ ಅಂತ ಫೋನಲ್ಲಿ ಹೇಳಿ ಮುಗಿಯಲಿಲ್ಲ, ಅದಕ್ಕೇ ಇಲ್ಲಿ ಬರೀತಿದ್ದೀನಿ.

ನಮ್ಮ ಅಜ್ಜಂದಿರು ಎತ್ತು ಕೊಳ್ಳೋವಾಗ ಎರಡು ವಿಷಯ ನೋಡ್ತಿದ್ರು. ಬಾಯಿ ತೆರೆಸಿ ಹಲ್ಲು, ಮೈಮೇಲೆ ಸುಳಿ. ಹಲ್ಲು ನೋಡಿದರೆ ಎತ್ತಿನ ವಯಸ್ಸು ಗೊತ್ತಾಗುತ್ತೆ, ಅದು ನಿಜವಾದ ಮಾಹಿತಿ. ಸುಳಿ ನೋಡಿದರೆ ಗೊತ್ತಾಗೋದು ನೋಡಿದವನ ಭಯ ಮಾತ್ರ. ಕಾರಿನಲ್ಲೂ ಹಾಗೇ. ಬಂಪರಿನ ಮೇಲಿನ ಗೀರು ಸುಳಿ. ಬಾಗಿಲ ಕೆಳಗಿನ ತುಕ್ಕು ಹಲ್ಲು. ನಾವು ಸುಳಿ ನೋಡಿ ಬೆಲೆ ಕಟ್ತೀವಿ, ಹಲ್ಲು ನೋಡೋದು ಮರೀತೀವಿ.

ಹಾಗಾದರೆ ಯಾವುದು ಸುಳಿ, ಯಾವುದು ಹಲ್ಲು? ನಾನು ಮೂರೇ ಪ್ರಶ್ನೆ ಕೇಳ್ಕೊಳ್ತೀನಿ.

ಮೊದಲನೇದು: ಇದು ತುಕ್ಕು ಹಿಡಿಯುತ್ತಾ? ಕಾರಿನ ಬಣ್ಣ ಅಂದರೆ ಒಂದೇ ಪದರ ಅಲ್ಲ. ತಗಡಿನ ಮೇಲೆ ಪ್ರೈಮರ್, ಅದರ ಮೇಲೆ ಬಣ್ಣ, ಎಲ್ಲಕ್ಕೂ ಮೇಲೆ ಪಾರದರ್ಶಕವಾದ ಕ್ಲಿಯರ್ ಕೋಟ್. ಗೀರಿನ ಮೇಲೆ ಉಗುರು ಎಳೆದು ನೋಡಿ. ಉಗುರು ಸಿಕ್ಕಿಕೊಳ್ಳದೆ ಜಾರಿದರೆ ಪೆಟ್ಟು ಕ್ಲಿಯರ್ ಕೋಟಿಗಷ್ಟೇ ಬಿದ್ದಿರುತ್ತೆ, ಪಾಲಿಶ್ ಮಾಡಿದರೆ ಸಾಕು, ಬಿಟ್ಟರೂ ನಷ್ಟ ಇಲ್ಲ. ಒಳಗೆ ಬೂದು ಅಥವಾ ಬಿಳಿ ಕಂಡರೆ ಅದು ಪ್ರೈಮರ್, ಒಂದು ಟಚ್-ಅಪ್ ಬಾಟಲಿ ತಂದು ಮುಚ್ಚಿಬಿಡಿ. ಹೊಳೆಯುವ ಲೋಹ ಅಥವಾ ಕಂದು ಬಣ್ಣ ಕಂಡರೆ ಮಾತ್ರ ತಡ ಮಾಡಬಾರದು. ತುಕ್ಕು ಕಬ್ಬಿಣಕ್ಕಿಂತ ಹೆಚ್ಚು ಜಾಗ ತಗೊಳ್ಳುತ್ತೆ, ಅದಕ್ಕೇ ಪಕ್ಕದ ಬಣ್ಣವನ್ನೂ ಗುಳ್ಳೆ ಎಬ್ಬಿಸಿ ಒಳಗೊಳಗೇ ಹರಡ್ತಾ ಹೋಗುತ್ತೆ.

ಬಂಪರ್ ಪ್ಲಾಸ್ಟಿಕ್. ಅದಕ್ಕೆ ತುಕ್ಕು ಹಿಡಿಯಲ್ಲ. ಕ್ಲಿಪ್ಪು ಗಟ್ಟಿಯಾಗಿದ್ದು ರಸ್ತೆಯಲ್ಲಿ ಬಿದ್ದುಹೋಗೋ ಹಾಗೆ ಇಲ್ಲದಿದ್ದರೆ ಅದರ ಗೀರಿಗೆ ಖರ್ಚು ಮಾಡೋದಕ್ಕೆ ನನಗಂತೂ ಒಂದೂ ಕಾರಣ ಕಾಣಲ್ಲ.

ಈ ವಿಷಯದಲ್ಲಿ ಊರೂ ಮುಖ್ಯ. ಬೆಂಗಳೂರಲ್ಲೋ ಹುಬ್ಬಳ್ಳಿಯಲ್ಲೋ ವರ್ಷಗಟ್ಟಲೆ ಹಾಗೇ ಇರೋ ಗೀರು ಕರಾವಳಿಯಲ್ಲಿ ಒಂದೇ ಮಳೆಗಾಲದಲ್ಲಿ ಕಂದಾಗುತ್ತೆ. ಮರವಂತೆಯಲ್ಲಿ ಹೆದ್ದಾರಿಯ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ. ಫೋಟೋಗೆ ಚೆಂದ, ತಗಡಿಗೆ ಅಲ್ಲ. ಉಪ್ಪಿನ ಗಾಳಿ ತುಕ್ಕಿನ ವೇಗ ಹೆಚ್ಚಿಸುತ್ತೆ. ಬಾಗಿಲ ಕೆಳಗೆ ನೀರು ಹೊರಹೋಗಲು ಇರೋ ಸಣ್ಣ ತೂತುಗಳು ಕೆಸರು ತುಂಬಿ ಮುಚ್ಚಿಹೋದರೆ ನೀರು ಒಳಗೇ ನಿಂತು ಕೊರೀತಾ ಇರುತ್ತೆ. ತಮ್ಮನ ಕಾರಲ್ಲಿ ಎಲ್ಲರ ಕಣ್ಣು ಕುಕ್ಕಿದ್ದು ಬಾಗಿಲ ಮೇಲಿನ ಗೀರು. ಯಾರೂ ಬಗ್ಗಿ ನೋಡದ ಜಾಗದಲ್ಲಿ, ಬಾಗಿಲ ಕೆಳಗಿನ ಪಟ್ಟಿಯಲ್ಲಿ, ಬೆರಳಲ್ಲಿ ಒತ್ತಿದರೆ ಪುಡಿಯಾಗೋ ಅಂಗೈಯಗಲದ ತುಕ್ಕು ಇತ್ತು.

ಎರಡನೇದು: ಒಳಗೆ ಕೂತವರನ್ನು ಕಾಯೋ ಭಾಗಕ್ಕೆ ಪೆಟ್ಟು ಬಿದ್ದಿದೆಯಾ? "ಅಂಬಾಸಿಡರ್ ತಗಡು ನೋಡು, ಈಗಿನ ಕಾರೆಲ್ಲ ಬಿಸ್ಕತ್ತಿನ ಡಬ್ಬ" ಅನ್ನೋ ಮಾತು ಎಲ್ಲರ ಮನೆಯಲ್ಲೂ ಕೇಳಿಬರುತ್ತೆ. ಆದರೆ ಡಿಕ್ಕಿಯಾದಾಗ ಮುಂಭಾಗ, ಹಿಂಭಾಗ ನಜ್ಜುಗುಜ್ಜಾಗಿ ಪೆಟ್ಟನ್ನು ತಾನು ನುಂಗಿಕೊಳ್ಳಬೇಕು, ಜನ ಕೂರೋ ಗೂಡು ಮಾತ್ರ ಗಟ್ಟಿಯಾಗಿರಬೇಕು ಅನ್ನೋದು ಬೇಕೆಂದೇ ಮಾಡಿದ ವಿನ್ಯಾಸ. ಬೇಲಾ ಬರೇನಿ ಅನ್ನೋ ಇಂಜಿನಿಯರ್ ಇದನ್ನು ಯೋಚಿಸಿ, 1959ರಲ್ಲಿ ಮರ್ಸಿಡಿಸ್ ಕಾರಿನಲ್ಲಿ ಅದು ಬಂತು. ಹಾಗಾಗಿ ಹೊರತಗಡಿನ ತಗ್ಗು ಬೇರೆ, ಅದರ ಹಿಂದಿನ ಚೌಕಟ್ಟು ಸೊಟ್ಟಗಾಗಿರೋದು ಬೇರೆ. ಬಾನೆಟ್ ಎತ್ತಿ ಎರಡೂ ಪಕ್ಕದ ಉದ್ದನೆ ಕಂಬಿಗಳಲ್ಲಿ ಸುಕ್ಕು ಇದೆಯಾ ನೋಡಿ. ಬಾಗಿಲ ಸುತ್ತಲಿನ ಸಂದು ಮೇಲಿಂದ ಕೆಳಗೆ ಒಂದೇ ಅಗಲ ಇದೆಯಾ ನೋಡಿ. ಸ್ಟೇರಿಂಗ್ ಬಿಟ್ಟರೆ ಕಾರು ಒಂದು ಪಕ್ಕಕ್ಕೆ ಎಳೆಯುತ್ತಾ, ಟೈರು ಒಂದೇ ಅಂಚಲ್ಲಿ ಸವೆದಿದೆಯಾ ನೋಡಿ. ಇಂಥದ್ದೇನಾದರೂ ಕಂಡರೆ ರಿಪೇರಿ ಲೆಕ್ಕ ಹಾಕೋದೇ ಬೇಡ, ಕೈಮುಗಿದು ವಾಪಸ್ ಬನ್ನಿ.

ಭಾರತದಲ್ಲಿ ಹೊಸ ಕಾರುಗಳಿಗೆ ಚಾಲಕನ ಏರ್‌ಬ್ಯಾಗ್ ಕಡ್ಡಾಯ ಆಗಿದ್ದು 2019ರಲ್ಲಿ. ಅದಕ್ಕಿಂತ ಹಳೆಯ ಎಷ್ಟೋ ಸಣ್ಣ ಕಾರುಗಳಲ್ಲಿ ಆ ಗೂಡು ಮತ್ತು ಸೀಟ್ ಬೆಲ್ಟ್ ಬಿಟ್ಟರೆ ಬೇರೆ ಕಾಪು ಇಲ್ಲ. ತಮ್ಮನ ಕಾರೂ ಅಂಥದ್ದೇ. ಕಂಬಿಗಳು, ಸಂದುಗಳು ಸರಿ ಇದ್ದವು. ಆದರೆ ಹಿಂದಿನ ಎಡ ಬಾಗಿಲು ಒಳಗಿಂದ ಎರಡು ಸಲ ಎಳೆದರೆ ಮಾತ್ರ ತೆರೀತಿತ್ತು. ಅಲ್ಲಿ ಕೂರೋದು ಅವನ ಆರು ವರ್ಷದ ಮಗಳು. ಗೀರಿನ ಬಗ್ಗೆ ಅಷ್ಟು ಮಾತಾಡಿದ ನಮ್ಮ ಬಂಧುಗಳಲ್ಲಿ ಒಬ್ಬರೂ ಆ ಬಾಗಿಲನ್ನು ಒಳಗಿಂದ ತೆಗೆದು ನೋಡಿರಲಿಲ್ಲ!

ಮೂರನೇದು: ನಮಗೆ ದಾರಿ ಕಾಣಿಸುತ್ತಾ, ನಾವು ಬೇರೆಯವರಿಗೆ ಕಾಣಿಸ್ತೀವಾ? ಹೆಡ್‌ಲೈಟು ಮಂಕಾಗಿದ್ದರೆ, ಸೊಟ್ಟಗೆ ಕೂತಿದ್ದರೆ, ಪಕ್ಕದ ಕನ್ನಡಿ ಒಡೆದಿದ್ದರೆ, ಮುಂದಿನ ಗಾಜಲ್ಲಿ ಬಿರುಕಿದ್ದರೆ ಅವೆಲ್ಲ ಅಂದಚೆಂದದ ಲೆಕ್ಕಕ್ಕೆ ಬರಲ್ಲ. ಮೊದಲು ಮಾಡಿಸಲೇಬೇಕು.

ಈ ಮೂರಕ್ಕೂ ಸೇರದ್ದೆಲ್ಲ ಸುಳಿ. ಬಿಟ್ಟುಬಿಡಬಹುದು.

"ಇನ್ಶೂರೆನ್ಸ್ ಇದೆಯಲ್ಲ, ಅದರಲ್ಲಿ ಮಾಡಿಸು" ಅಂದವರೂ ಇದ್ದರು. ಸ್ವಲ್ಪ ತಾಳಿ. ಪಾಲಿಸಿಗೆ ಮುಂಚೆಯೇ ಇದ್ದ ಪೆಟ್ಟಿಗೆ ಹೊಸ ಪಾಲಿಸಿ ಕೊಡಲ್ಲ. ಮಾರಿದವರ ನೋ ಕ್ಲೇಮ್ ಬೋನಸ್ ಕೂಡ ಕಾರಿನ ಜೊತೆ ಬರಲ್ಲ, ಅದು ಅವರದ್ದು, ಕಾರಿನದ್ದಲ್ಲ. ನಿಮ್ಮದೇ ಕಾರಿಗೆ ನಿಮ್ಮ ಕಾಲದಲ್ಲೇ ಗೀರು ಬಿತ್ತು ಅಂತಿಟ್ಟುಕೊಳ್ಳಿ. 1500 ಸಿಸಿವರೆಗಿನ ಕಾರಿಗೆ ಮೊದಲ 1,000 ರೂ. ನೀವೇ ಕೊಡಬೇಕು. ಝೀರೋ ಡೆಪ್ರಿಸಿಯೇಶನ್ ಇಲ್ಲದಿದ್ದರೆ ಬದಲಿಸಿದ ಪ್ಲಾಸ್ಟಿಕ್ ಭಾಗದ ಬೆಲೆಯಲ್ಲಿ ಅರ್ಧ ನಿಮ್ಮದು, ಹತ್ತು ವರ್ಷ ದಾಟಿದ ಕಾರಾದರೆ ಲೋಹದ ಭಾಗದಲ್ಲೂ ಅರ್ಧ ನಿಮ್ಮದು. ಇಷ್ಟಾದ ಮೇಲೆ ಬೋನಸ್ ಸೊನ್ನೆಗೆ ಇಳಿಯುತ್ತೆ. ಅದು ಮತ್ತೆ 20, 25, 35, 45 ಅಂತ ಮೆಟ್ಟಿಲು ಹತ್ತಿ 50 ಪರ್ಸೆಂಟ್ ಮುಟ್ಟೋಕೆ ಐದು ವರ್ಷ ಬೇಕು. ಸಣ್ಣ ಗೀರಿಗೆ ಕ್ಲೇಮ್ ಮಾಡೋ ಮುಂಚೆ ಕಾಗದ-ಪೆನ್ನು ಹಿಡಿದು ಕೂರಿ ಅಂತಷ್ಟೇ ನನ್ನ ಸಲಹೆ.

ಇನ್ನು ಭಾವನ ದೊಡ್ಡ ವಾದ: "ನಾಳೆ ಮಾರೋವಾಗ ಬೆಲೆ ಸಿಗಲ್ಲ". ನ್ಯಾಯವಾದ ಮಾತು, ತಳ್ಳಿಹಾಕಲ್ಲ. ಎರಡು-ಮೂರು ವರ್ಷದ ಕಾರು, ಇನ್ನೊಂದು ತಿಂಗಳಲ್ಲಿ ಮಾರೋದಿದೆ, ಒಂದೇ ಬಾಗಿಲಿಗೆ ತಗ್ಗು ಅಂದರೆ ಖಂಡಿತ ಮಾಡಿಸಿ. ಬಣ್ಣ ಒಡೆಯದ ತಗ್ಗಾದರೆ ಒಳಗಿಂದ ಒತ್ತಿ ಎಬ್ಬಿಸೋ ಕೆಲಸ ಗೊತ್ತಿರೋರು ಪೇಂಟೇ ಇಲ್ಲದೆ ಸರಿ ಮಾಡಿಕೊಡ್ತಾರೆ. ಆದರೆ ನಮ್ಮದು ಆ ಲೆಕ್ಕ ಅಲ್ಲ. 30,000 ಕಡಿಮೆಗೆ ಕೊಂಡು 34,000 ಕೊಟ್ಟು ಪೇಂಟ್ ಮಾಡಿಸಿದರೆ, ಡೆಂಟಿನಿಂದ ಸಿಕ್ಕ ಲಾಭ ಪೂರ್ತಿ ಹೋಗಿ ಮೇಲೆ 4,000 ಕೈಯಿಂದ ಹೋಯ್ತು. ಅದರ ಬದಲು ನೆಟ್ಟಗಿರೋ ಕಾರನ್ನೇ ಕೊಳ್ಳಬಹುದಿತ್ತಲ್ಲ? ತಗ್ಗಿರೋ ಕಾರು ಕೊಂಡರೆ ಲಾಭ ಇರೋದೇ ತಗ್ಗನ್ನು ಹಾಗೇ ಇಟ್ಟುಕೊಂಡರೆ. ಮಾರೋವಾಗ ಆ ರಿಯಾಯಿತಿಯನ್ನು ಮುಂದಿನವರಿಗೆ ದಾಟಿಸಿದರಾಯ್ತು.

ಕಾರಿನ ಉಳಿದ ಆಯಸ್ಸನ್ನೂ ನೋಡಬೇಕು. 2013ರ ಕಾರಿನ ನೋಂದಣಿ 2028ಕ್ಕೆ ಮುಗಿಯುತ್ತೆ. ಆಮೇಲೆ ಐದು ವರ್ಷಕ್ಕೆ ನವೀಕರಿಸಬಹುದು. ಅದರ ಶುಲ್ಕ 2022ರಲ್ಲಿ 600ರಿಂದ 5,000 ರೂ. ಆಗಿದೆ, ಜೊತೆಗೆ ಹಸಿರು ತೆರಿಗೆ. ನವೀಕರಣಕ್ಕೆ ಕಾರು ತಪಾಸಣೆಗೆ ಹೋಗಬೇಕು. ಅಲ್ಲಿ ಬಣ್ಣದ ಹೊಳಪಿಗೆ ಅಂಕ ಕೊಡಲ್ಲ, ಓಡೋ ಸ್ಥಿತಿಯಲ್ಲಿದೆಯಾ ಅಂತ ನೋಡ್ತಾರೆ.

ಪೇಂಟಿಂಗ್ ಅನ್ನೋದು ಒಂದೇ ಬಾಗಿಲಿಗೆ ಮುಗಿಯೋ ಕೆಲಸವೂ ಅಲ್ಲ. ಬಿಸಿಲಿಗೆ ಮಾಸಿದ ಹಳೇ ಸಿಲ್ವರ್ ಬಣ್ಣದ ಪಕ್ಕ ಹೊಸ ಸಿಲ್ವರ್ ಎದ್ದು ಕಾಣುತ್ತೆ. ಅದು ಕಾಣದ ಹಾಗೆ ಮಾಡೋಕೆ ಪಕ್ಕದ ತಗಡಿಗೂ ಬಣ್ಣ ಹಾಯಿಸಬೇಕು. ಒಂದು ಹೋಗಿ ಮೂರಾಯ್ತು. ಕೆಲಸ ಕೆಟ್ಟದಾಗಿದ್ದರೆ ತಗ್ಗಿಗೆ ದಪ್ಪ ಪುಟ್ಟಿ ಮೆತ್ತಿರ್ತಾರೆ. ಉಕ್ಕಿನ ತಗಡಿಗೆ ಸಣ್ಣ ಅಯಸ್ಕಾಂತ ಹಿಡಿದು ನೋಡಿ, ದಪ್ಪ ಪುಟ್ಟಿ ಇದ್ದ ಕಡೆ ಅಂಟಲ್ಲ. ಮೇಲೆ ಥಳಕು ಒಳಗೆ ಹುಳುಕು ಅಂತಾರಲ್ಲ, ಅದೇ. ಹೊಸದಾಗಿ ಪೇಂಟ್ ಆಗಿರೋ ಹಳೇ ಕಾರು ಕಂಡರೆ ನನಗೆ ಮೊದಲು ಬರೋದು ಅನುಮಾನ. ಗೀರಿರೋ ಕಾರು ಕೊನೇಪಕ್ಷ ತನಗೇನಾಗಿದೆ ಅಂತ ತಾನೇ ಹೇಳ್ತಿರುತ್ತೆ.

ಇನ್ನೊಂದು ಮಾತು. ರಸ್ತೆ ಬದಿಯ ಶೆಡ್ಡುಗಳಲ್ಲಿ ಹುಡುಗರು ಮೂಗಿಗೆ ಬರೀ ಕರ್ಚೀಫು ಕಟ್ಟಿಕೊಂಡು ಸ್ಪ್ರೇ ಮಾಡೋದನ್ನು ನೀವೂ ನೋಡಿರ್ತೀರಿ. ಗಟ್ಟಿಕಾರಕ ಬೆರೆಸಿ ಹೊಡೆಯೋ ಈಗಿನ ಕ್ಲಿಯರ್ ಕೋಟಿನಲ್ಲಿ ಐಸೋಸಯನೇಟ್ ಇರುತ್ತೆ, ಅದರಿಂದ ಆಸ್ತಮಾ ಬರುತ್ತೆ. ಕರ್ಚೀಫು ಅದನ್ನು ತಡೆಯಲ್ಲ. ಮಾಡಿಸಲೇಬೇಕಾದ ಕೆಲಸವಿದ್ದರೆ ಸರಿಯಾದ ಮಾಸ್ಕ್, ಪೇಂಟ್ ಬೂತ್ ಇರೋ ಕಡೆ ಮಾಡಿಸೋಣ. ಬರೀ ಮದುವೆಮನೆಯ ಶೋಕಿಗೆ ಯಾರದ್ದೋ ಶ್ವಾಸಕೋಶ ಯಾಕೆ?

ಕೊನೆಗೆ ತಮ್ಮ ಆ 34,000ದಲ್ಲಿ ಏನು ಮಾಡಬೇಕು ಅಂತ ಒಂದು ಪಟ್ಟಿ ಬರೆದು ಕೊಟ್ಟೆ. ಟೈರಿನ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, ಮೊದಲೆರಡು ವಾರ, ಕೊನೆಯೆರಡು ವರ್ಷ. ಅವನ ಕಾರಿನ ನಾಲ್ಕೂ ಟೈರಿನಲ್ಲಿ ಕೊನೆಯ ಎರಡಂಕಿ 16. ಅಂದರೆ 2016ರ ರಬ್ಬರು, ಪಕ್ಕದಲ್ಲಿ ಸಣ್ಣ ಬಿರುಕು ಬೇರೆ. ಪ್ರತಿ ರಜೆಗೂ ಹುಲಿಕಲ್ ಘಾಟಿ ಹತ್ತಿ ಶಿವಮೊಗ್ಗಕ್ಕೆ ಹೋಗೋ ಸಂಸಾರ ಅದು, ಮಳೆಗಾಲದಲ್ಲೂ. ನಾಲ್ಕು ಹೊಸ ಟೈರಿಗೆ 16,000. ಕೆಳಗಿನ ಪಟ್ಟಿಯ ತುಕ್ಕು ಕತ್ತರಿಸಿ ಹೊಸ ತಗಡು ಬೆಸೆಯೋಕೆ 6,000. ಅಡಿಭಾಗಕ್ಕೆ ತುಕ್ಕುನಿರೋಧಕ ಲೇಪನ 3,500. ಹಿಂದಿನ ಬಾಗಿಲು ನೆಟ್ಟಗೆ ಮಾಡಿ, ಬೀಗ ಸರಿಪಡಿಸಿ, ಮೇಲೊಂದು ಸಾಧಾರಣ ಬಣ್ಣ ಹಾಯಿಸೋಕೆ 4,500. ಒಟ್ಟು 30,000. ಉಳಿದದ್ದು ಪೆಟ್ರೋಲಿಗೆ.

ಅವನು ಕಾರು ಕೊಂಡ, ಪಟ್ಟಿಯಲ್ಲಿದ್ದಷ್ಟನ್ನೂ ಮಾಡಿಸಿದ. ಎಡಗಡೆ ಬಣ್ಣ ಮೂರು ಥರ ಕಾಣುತ್ತೆ ಅಂತ ಅಮ್ಮನಿಗೆ ಈಗಲೂ ಬೇಜಾರು. ಮದುವೆಮನೆಗಳಲ್ಲಿ ಗೋಡೆಗೆ ಎಡಗಡೆ ಮಾಡಿ ನಿಲ್ಲಿಸು ಅಂತಾರಂತೆ. ಅದಕ್ಕೆ ನನ್ನ ಆಕ್ಷೇಪಣೆ ಇಲ್ಲ, ಅದು ಖರ್ಚಿಲ್ಲದ ರಿಪೇರಿ :-)

ನಿಮ್ಮಲ್ಲಿ ಹಳೇ ಕಾರು ಇಟ್ಟುಕೊಂಡವರು ಏನು ಮಾಡಿದ್ರಿ? ಗೀರು ಬಿಟ್ಟಿರೋ, ಮುಚ್ಚಿಸಿದಿರೋ? ಭಾವನ ಪಕ್ಷದವರಿದ್ದರೂ ಬರೀರಿ, ಜಗಳ ಆಡೋಣ. ಅದಕ್ಕೂ ಮುಂಚೆ ಒಂದು ಕೆಲಸ ಮಾಡಿ. ಹೊರಗೆ ಹೋಗಿ ನಿಮ್ಮ ಟೈರಿನ ಮೇಲಿನ ಆ ನಾಲ್ಕು ಅಂಕಿ ಓದಿಕೊಂಡು ಬನ್ನಿ.