ಹಣವೂ ಮಾತೇ?

ವರ್ತಕ ನಗರದ ಕನ್ನಡ ಕಾರ್ಯಕ್ರಮಗಳಿಗೆ ಹೋಗಿಬಂದವರಿಗೆಲ್ಲ ಕವಿಗೋಷ್ಠಿಯ ನಿಯಮ ಗೊತ್ತು: ಒಬ್ಬೊಬ್ಬರಿಗೆ ಐದು ನಿಮಿಷ. ಸಭಾಂಗಣದ ಬಾಡಿಗೆ ಕೊಟ್ಟ ಉದ್ಯಮಿಯೇ ಕವಿಯಾಗಿದ್ದರೂ ಐದೇ ನಿಮಿಷ. ನಿರೂಪಕರ ಚೀಟಿ ಬಂದಾಗ ಮುಖ ಸಪ್ಪಗಾಗಬಹುದು. ಆದರೆ ವಾಕ್‌ಸ್ವಾತಂತ್ರ್ಯಕ್ಕೆ ಧಕ್ಕೆಯಾಯಿತೆಂದು ಯಾರೂ ದಾವೆ ಹೂಡಿದ್ದಿಲ್ಲ. ಮೈಕು ಒಂದೇ, ಸಂಜೆಯೂ ಒಂದೇ.

ಚುನಾವಣೆಯ ವಿಷಯದಲ್ಲಿ ಮಾತ್ರ ಈ ಸರಳ ತಿಳಿವಳಿಕೆಯೇ ನ್ಯಾಯಾಲಯದ ಮೆಟ್ಟಿಲೇರಿದೆ. ಅಮೆರಿಕದಲ್ಲಿ ಪಕ್ಷವೊಂದು ತನ್ನ ಅಭ್ಯರ್ಥಿಯೊಡನೆ ಸಮಾಲೋಚಿಸಿ ಮಾಡುವ ಖರ್ಚಿಗೆ ಕಾನೂನು ಮಿತಿ ವಿಧಿಸಿತ್ತು. ಅದು ವಾಕ್‌ಸ್ವಾತಂತ್ರ್ಯದ ಹರಣವೆಂದು ರಿಪಬ್ಲಿಕನ್ ಪಕ್ಷದ ಸಮಿತಿಗಳು, ಇಂದಿನ ಉಪಾಧ್ಯಕ್ಷ ಜೆ.ಡಿ. ವಾನ್ಸ್ ಅವರೊಡಗೂಡಿ 2022ರಲ್ಲಿ ಹೂಡಿದ ಮೊಕದ್ದಮೆಯನ್ನು ಅಲ್ಲಿನ ಸರ್ವೋಚ್ಚ ನ್ಯಾಯಾಲಯ 2025ರ ಜೂನ್‌ನಲ್ಲಿ ವಿಚಾರಣೆಗೆ ಎತ್ತಿಕೊಂಡಿತು. ವಾದದ ಬೇರು ಇರುವುದು 1976ರ ಬಕ್ಲಿ ತೀರ್ಪಿನಲ್ಲಿ. ದೇಣಿಗೆಗೆ ಮಿತಿ ಹಾಕಬಹುದು, ಖರ್ಚಿಗೆ ಹಾಕಲಾಗದು. ಖರ್ಚನ್ನು ತಡೆದರೆ ಮಾತನ್ನೇ ತಡೆದಂತೆ ಎಂಬುದು ಅದರ ಸಾರ.

ಈ ವಾದವನ್ನು ನಕ್ಕು ತಳ್ಳಿಹಾಕುವಂತಿಲ್ಲ. ಕರಪತ್ರಕ್ಕೆ ಕಾಗದ ಬೇಕು, ಸಭೆಗೆ ಚಪ್ಪರ ಬೇಕು, ಇವಕ್ಕೆ ಹಣ ಬೇಕು. ಬರಿಗೈಯ ಮಾತು ಬೀದಿಯ ತಿರುವನ್ನೂ ದಾಟದು. ಆದರೆ ಮಾತನಾಡುವವನ ಹಕ್ಕನ್ನು ಹೇಳುವ ಈ ವಾದ, ಕೇಳುವವನನ್ನು ಮರೆಯುತ್ತದೆ.

ನಮ್ಮ ದೇಶದ ಕಥೆ ಇದಕ್ಕಿಂತ ವಿಚಿತ್ರ. 1974ರ ಅಕ್ಟೋಬರ್‌ನಲ್ಲಿ ಕನ್ವರ್‌ಲಾಲ್ ಗುಪ್ತಾ ಪ್ರಕರಣದಲ್ಲಿ ನಮ್ಮ ಸರ್ವೋಚ್ಚ ನ್ಯಾಯಾಲಯ, ಅಭ್ಯರ್ಥಿಗಾಗಿ ಪಕ್ಷ ಮಾಡಿದ ಖರ್ಚೂ ಅವನ ಲೆಕ್ಕಕ್ಕೇ ಸೇರಬೇಕೆಂದಿತು. ಅದೇ ತಿಂಗಳು ಸುಗ್ರೀವಾಜ್ಞೆ ಬಂದು ತೀರ್ಪಿನ ಪರಿಣಾಮವನ್ನು ಅಳಿಸಿಹಾಕಿತು. ಅಮೆರಿಕದ ಪಕ್ಷ ನ್ಯಾಯಾಲಯದಲ್ಲಿ ಬೇಡಿದ್ದನ್ನು ನಮ್ಮ ಪಕ್ಷಗಳು ಐವತ್ತು ವರ್ಷಗಳ ಹಿಂದೆಯೇ ವಾಕ್‌ಸ್ವಾತಂತ್ರ್ಯದ ಹೆಸರೆತ್ತದೆ ಪಡೆದುಕೊಂಡವು. 2003ರಲ್ಲಿ ಆ ಬಾಗಿಲು ಕೊಂಚ ಕಿರಿದಾಯಿತು, ನಿಜ. ಆದರೂ ಮಹಾರಾಷ್ಟ್ರದಲ್ಲಾಗಲಿ ಕರ್ನಾಟಕದಲ್ಲಾಗಲಿ ಲೋಕಸಭೆಯ ಅಭ್ಯರ್ಥಿಗೆ 95 ಲಕ್ಷ, ವಿಧಾನಸಭೆಯವರಿಗೆ 40 ಲಕ್ಷ ರೂಪಾಯಿಗಳ ಮಿತಿಯಿದ್ದರೆ, ಪಕ್ಷದ ಒಟ್ಟು ಖರ್ಚಿಗೆ ಇಂದಿಗೂ ಮಿತಿಯಿಲ್ಲ.

ಇತ್ತ ಸಾಮಾನ್ಯ ನಾಗರಿಕನ ಪಾಡೇನು? ಭಾರತೀಯ ನ್ಯಾಯ ಸಂಹಿತೆಯ 176ನೇ ಕಲಮಿನಂತೆ, ಅಭ್ಯರ್ಥಿಯ ಲಿಖಿತ ಒಪ್ಪಿಗೆಯಿಲ್ಲದೆ ಅವನ ಗೆಲುವಿಗಾಗಿ ಕರಪತ್ರ ಅಚ್ಚು ಹಾಕಿಸಿದವನಿಗೆ ಹತ್ತು ಸಾವಿರ ರೂಪಾಯಿವರೆಗೆ ದಂಡ ವಿಧಿಸಬಹುದು. ಖರ್ಚು ಹತ್ತು ರೂಪಾಯಿ ಮೀರದಿದ್ದರೆ ಮಾತ್ರ ಹತ್ತು ದಿನಗಳೊಳಗೆ ಒಪ್ಪಿಗೆ ಪಡೆದು ಪಾರಾಗಬಹುದು. ಹತ್ತು ರೂಪಾಯಿಗೆ ಇಂದು ಠಾಣೆ ನಿಲ್ದಾಣದಲ್ಲಿ ಒಂದು ಚಹಾ ಸಿಕ್ಕರೆ ಪುಣ್ಯ. ವಾಕ್‌ಸ್ವಾತಂತ್ರ್ಯದ ಹೆಸರಿನಲ್ಲಿ ಯಾರಾದರೂ ನ್ಯಾಯಾಲಯಕ್ಕೆ ಹೋಗುವುದಾದರೆ ಈ ಹತ್ತು ರೂಪಾಯಿಗಾಗಿ ಹೋಗಲಿ. ಸಣ್ಣವನ ನಾಲಗೆಯನ್ನು ಕಟ್ಟಿ ದೊಡ್ಡವರ ಥೈಲಿಯನ್ನು ಬಿಚ್ಚಿಟ್ಟ ಕಾನೂನು ಇದು.

ಕೇಳುಗನ ಹಕ್ಕಿಗೂ ನಮ್ಮಲ್ಲಿ ಚರಿತ್ರೆಯಿದೆ. ಟಾಟಾ ಕಬ್ಬಿಣ ಮತ್ತು ಉಕ್ಕು ಕಂಪನಿಯು ಪಕ್ಷಗಳಿಗೆ ದೇಣಿಗೆ ಕೊಡಲೆಂದು ತನ್ನ ನಿಯಮಾವಳಿ ತಿದ್ದಹೊರಟಾಗ, ಆ ಪ್ರಶ್ನೆ 1957ರಲ್ಲಿ ಮುಂಬಯಿ ಉಚ್ಚ ನ್ಯಾಯಾಲಯದ ಮುಂದೆ ಬಂತು. ಮುಖ್ಯ ನ್ಯಾಯಮೂರ್ತಿ ಎಂ.ಸಿ. ಚಾಗ್ಲಾ ಕಾನೂನಿನಂತೆ ಅನುಮತಿ ಕೊಟ್ಟರು; ಆದರೆ ಇದು ಪ್ರಜಾಪ್ರಭುತ್ವವನ್ನೇ ಆವರಿಸಬಹುದಾದ ಅಪಾಯವೆಂದು ಎಚ್ಚರಿಸಿದರು. ಆ ಎಚ್ಚರಿಕೆಗೆ ತಕ್ಕ ಉತ್ತರ ಬಂದದ್ದು 2024ರ ಫೆಬ್ರವರಿ 15ರಂದು. ಅಂದು ಐವರು ನ್ಯಾಯಮೂರ್ತಿಗಳ ಪೀಠ ಚುನಾವಣಾ ಬಾಂಡುಗಳನ್ನು ರದ್ದುಗೊಳಿಸಿತು. ಆಧಾರ ಅದೇ ವಾಕ್‌ಸ್ವಾತಂತ್ರ್ಯದ ವಿಧಿ, 19(1)(ಎ). ಆದರೆ ಹಕ್ಕು ಕೊಟ್ಟವನದಲ್ಲ, ತಿಳಿಯಬಯಸುವ ಮತದಾರನದು. ನಮ್ಮ ಸಂಘಗಳ ವಾರ್ಷಿಕ ವರದಿಯಲ್ಲಿ ನೂರು ರೂಪಾಯಿ ಕೊಟ್ಟವರ ಹೆಸರೂ ಅಚ್ಚಾಗುತ್ತದೆ. ಕೋಟಿ ಕೊಟ್ಟವರಿಗೆ ಮಾತ್ರ ನಾಚಿಕೆಯೇಕೆ?

ಹೊರನಾಡಿನಲ್ಲಿರುವ ನಮಗೆ ಇದು ದೂರದ ಚರ್ಚೆಯಲ್ಲ. ಹಣದ ಗದ್ದಲದಲ್ಲಿ ಮೊದಲು ಮುಳುಗುವುದು ಸಣ್ಣ ಸಮುದಾಯದ ದನಿ. ಕನ್ನಡ ಮಾಧ್ಯಮದ ಶಾಲೆಯೊಂದು ಉಳಿಯಲಿ ಎನ್ನುವ ಅಭ್ಯರ್ಥಿಗೆ ಯಾವ ಕಂಪನಿ ಥೈಲಿ ಬಿಚ್ಚೀತು? 1989ರಲ್ಲಿ ಶಿವರಾಮ ಕಾರಂತರಂಥವರು ಪರಿಸರದ ಮಾತು ಹೊತ್ತು ಉತ್ತರ ಕನ್ನಡದಿಂದ ಲೋಕಸಭೆಗೆ ನಿಂತರು, ಸೋತರು. ಸೋಲು ಗೆಲುವು ಮತದಾರರಿಗೆ ಬಿಟ್ಟದ್ದು. ಅಂಥ ಮಾತು ಮತದಾರರ ಕಿವಿಯನ್ನಾದರೂ ತಲುಪಬೇಕು.

ಪಕ್ಷಗಳ ಖರ್ಚಿಗೂ ಮಿತಿ ಬರಲಿ, ದೊಡ್ಡ ದೇಣಿಗೆಗಳ ಹಿಂದಿನ ಹೆಸರುಗಳು ಮತದಾನಕ್ಕೆ ಮೊದಲೇ ತಿಳಿಯಲಿ, ನಾಗರಿಕನ ಹತ್ತು ರೂಪಾಯಿಯ ಸಂಕೋಲೆ ಕಳಚಲಿ. ಮೂರೂ ಒಟ್ಟಿಗೆ ಆದಾಗಲೇ ಅದನ್ನು ವಾಕ್‌ಸ್ವಾತಂತ್ರ್ಯ ಎನ್ನಬಹುದು. ಅಲ್ಲಿಯವರೆಗೆ ಮೈಕು ಬಾಡಿಗೆ ಕೊಟ್ಟವರ ಕೈಯಲ್ಲೇ ಇರುತ್ತದೆ.